ಕಾರಣದ ಕಾಲಂ

ನಗರಸಭೆಯ ನೆಲಮಾಳಿಗೆಯಲ್ಲಿ ನನ್ನ ಮೇಜು.
ಮೇಲೆ ಮೇಯರ್ ನಡೆದಾಡಿದರೆ ನನ್ನ ಟ್ಯೂಬ್‌ಲೈಟು ಮಿಟುಕುತ್ತದೆ.
ಊರು ಹಾರ್ಲೋ ಕ್ರೀಕ್, ನೆಬ್ರಾಸ್ಕ;
ಒಂಬತ್ತು ಸಾವಿರ ಜನ, ರಾತ್ರಿಗೆ ಎರಡೇ ಪೊಲೀಸ್ ಕಾರು,
ಆರುನೂರ ಹನ್ನೆರಡು ಕಳ್ಳಗಂಟೆ.

ಕಳ್ಳಗಂಟೆ ಅಂದರೆ ಕಳ್ಳನಿಗೆಂದು ಕಟ್ಟಿದ ಗಂಟೆ.
ಕಳ್ಳನೋಟು, ಕಳ್ಳನಿದ್ದೆ ಅನ್ನುವ ಹಾಗೂ
ಓದಿಕೊಳ್ಳಬಹುದು. ನಾನು ಹಾಗೇ ಓದುತ್ತೇನೆ,
ಸಂಬಳ ಅದಕ್ಕೇ.

ಬಡಿದುಕೊಂಡ ಪ್ರತಿ ಗಂಟೆಗೂ ಒಂದು ಸಾಲು:
ವಿಳಾಸ, ವೇಳೆ, ಹೋದವರು ಯಾರು, ಕಂಡದ್ದೇನು.
ಕೊನೆಯ ಕಾಲಂ, ಕಾರಣ.

ಹೀಲಿಯಂ ಬಲೂನು. ಆಸ್ಪತ್ರೆಯಿಂದ ಬಂದ ಹೆಂಡತಿಗೆ ತಂದದ್ದು,
ರಾತ್ರಿ ಮೂರಕ್ಕೆ ಅರ್ಧ ಗಾಳಿ ಕಳೆದುಕೊಂಡು
ಮೆಟ್ಟಿಲಿಳಿದು ಅಡುಗೆಮನೆಗೆ ಬಂತು.
ಜೇಡ, ಸೆನ್ಸರಿನ ಕಣ್ಣಿನ ಮೇಲೇ ಬಲೆ ಕಟ್ಟಿದ್ದು.
ಥ್ವಿ ಅವರ ನೇಲ್ ಸಲೂನಿನಲ್ಲಿ ಹೀಟರು ಹೊತ್ತಿಕೊಂಡೊಡನೆ
ಕ್ಯಾಲೆಂಡರಿನ ಅಕ್ಟೋಬರ್ ಹಾಳೆ ಹಾರಿದ್ದು.
ಲುಥರನ್ ಚರ್ಚಿನಲ್ಲಿ ಬಾವಲಿ. ಮತ್ತೆ ಬಾವಲಿ.
ಮೂರನೇ ಸಲ ಪಾದ್ರಿಯೇ; ಕೋಡ್ ಮರೆತು
ಪೊಲೀಸರು ಬರುವ ತನಕ ಕೈಯೆತ್ತಿ ನಿಂತಿದ್ದರು.
ಪ್ರಾರ್ಥನೆಗೂ ಶರಣಾಗತಿಗೂ ಭಂಗಿ ಒಂದೇ ಎಂದು
ಡ್ವೇನ್ ಟಿಲ್ಮನ್ ವರದಿಯಲ್ಲೇ ಬರೆದಿದ್ದ. ನಾನು ಅಳಿಸಿದೆ.

ನೂರಕ್ಕೆ ತೊಂಬತ್ತೇಳು ಸಲ ಯಾರೂ ಇರಲಿಲ್ಲ.
ಡ್ವೇನ್ ಮೊದಮೊದಲು ಸೈರನ್ ಹಾಕಿಕೊಂಡು ಓಡುತ್ತಿದ್ದ.
ಆಮೇಲೆ ಸೈರನ್ ಇಲ್ಲದೆ. ಆಮೇಲೆ ಕಾಫಿ ಮುಗಿಸಿ.
ಒಂದು ರಾತ್ರಿ ಯಾವುದೋ ಗೋದಾಮಿನ ಬೀಗ ಎಳೆದು ನೋಡುತ್ತಿದ್ದಾಗ
ಊರಾಚೆ ರೈಲ್ವೆ ಗೇಟಿನ ಹತ್ತಿರ ಪಿಕಪ್ ಮಗುಚಿತ್ತು;
ಹೋಗಿ ಸೇರಲು ಹತ್ತೊಂಬತ್ತು ನಿಮಿಷ.
ಆ ಹತ್ತೊಂಬತ್ತೇ ಕಾಯ್ದೆಯಾಯಿತು.

ಮೊದಲೆರಡು ತಪ್ಪು ಮಾಫಿ.
ಮೂರನೆಯದಕ್ಕೆ ಐವತ್ತು ಡಾಲರ್,
ನಾಲ್ಕಕ್ಕೂ ಐದಕ್ಕೂ ನೂರು ನೂರು,
ಆರಾದರೆ ಯಾರೂ ಬರುವುದಿಲ್ಲ.
ಪರವಾನಗಿಗೆ ಹದಿನೈದು, ವರ್ಷ ವರ್ಷ.
ಸಭೆಯಲ್ಲಿ ಕೂಗಾಡಿದರು: ಹೆದರಿಕೆಗೂ ತೆರಿಗೆಯೇ?
ನಾನು ನಡಾವಳಿ ಬರೆದುಕೊಂಡೆ. ತಲೆಯೆತ್ತಲಿಲ್ಲ.

ಫಲ ಸಿಕ್ಕಿತು, ಸುಳ್ಳೇಕೆ.
ಜನ ಬ್ಯಾಟರಿ ಬದಲಿಸಿದರು, ಬೆಕ್ಕನ್ನು ಒಳಕೋಣೆಗೆ ಹಾಕಿದರು,
ಚರ್ಚಿನವರು ಬಾವಲಿಗೆಂದೇ ಮರದ ಪೆಟ್ಟಿಗೆ ತೂಗಿಹಾಕಿದರು.
ತಿಂಗಳಿಗೆ ಅರವತ್ತಿದ್ದದ್ದು ಹನ್ನೊಂದಕ್ಕೆ ಇಳಿಯಿತು.
ಮೇಯರ್ ಕೇಕ್ ತರಿಸಿದರು. ಅದರ ಮೇಲೆ
ನನ್ನ ಹೆಸರಿನಲ್ಲಿ ಒಂದಕ್ಷರ ತಪ್ಪಿತ್ತು.

ಎಮಿಲ್ ಹ್ರುಷ್ಕನದು ಅಕಾರ್ಡಿಯನ್ ರಿಪೇರಿ ಅಂಗಡಿ.
ಹಳೆ ಕಟ್ಟಡ; ಗೂಡ್ಸ್ ರೈಲು ಹೋದರೆ ಕಿಟಕಿಯ ಗಾಜು ನಡುಗಿ
ಗಂಟೆ ಬಡಿದುಕೊಳ್ಳುತ್ತಿತ್ತು. ಐದಾಗಿತ್ತು ಅವನದು.
ಪತ್ರ ಬರೆದಿದ್ದ, ನೀಲಿ ಶಾಯಿಯಲ್ಲಿ:
ರೈಲಿನ ದಂಡವನ್ನು ರೈಲಿಗೇ ಕಳಿಸಿ, ಶ್ರೀಮತಿ ಪೊಕೊರ್ನಿ.
ನಕ್ಕೆ. ಕಾಯ್ದೆಯಲ್ಲಿ ರೈಲಿಗೆ ವಿಳಾಸವಿಲ್ಲ.
ಮೇಲ್ಮನವಿ ತಿರಸ್ಕೃತ ಎಂಬ ಮೊಹರು, ಒತ್ತಿದ್ದು ನಾನೇ.

ಅವನು ತಂತಿ ಕಿತ್ತ.

ಮಾರ್ಚ್ ತಿಂಗಳ ಒಂದು ಸೋಮವಾರ ರಾತ್ರಿ ಹಿಂಬಾಗಿಲು ಒಡೆದು
ಹದಿನಾಲ್ಕು ಅಕಾರ್ಡಿಯನ್ ಹೊತ್ತೊಯ್ದರು.
ಒಂದಾದರೂ ದಾರಿಯಲ್ಲಿ ಉಸಿರು ಬಿಟ್ಟಿರಬೇಕು,
ತಿದಿ ಬಿಚ್ಚಿಕೊಂಡು, ಒಂದು ಉದ್ದದ ಸ್ವರ.
ಯಾರಿಗೂ ಕೇಳಲಿಲ್ಲ. ಊರು ಚೆನ್ನಾಗಿ ಮಲಗಿತ್ತು.
ನಾವು ಮಲಗಿಸಿದ್ದೆವು.

ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿಸಲು
ಅವನು ಬರಲಿಲ್ಲ. ಬಂದದ್ದು ಹಳೆ ಬಾಕಿ ಕಟ್ಟಲು,
ಇನ್ನೂರೈವತ್ತು ಡಾಲರ್, ಸಣ್ಣ ಸಣ್ಣ ನೋಟುಗಳಲ್ಲಿ.
ಬೈಯಲಿಲ್ಲ. ಬೈದಿದ್ದರೆ ರಸೀದಿ ಕೊಡುವುದು ಸುಲಭವಿತ್ತು.
ಕೇಳಿದ್ದು ಒಂದೇ:
ಆ ರಾತ್ರಿ ರೈಲು ಎಷ್ಟು ಹೊತ್ತಿಗೆ ಹೋಯಿತು?

ಲೆಡ್ಜರ್ ತೆಗೆದೆ. ವಿಳಾಸ, ವೇಳೆ, ಹೋದವರು, ಕಾರಣ.
ಬಡಿಯದ ಗಂಟೆಗೆ ಸಾಲಿಲ್ಲ.
ರೈಲ್ವೆಯವರಿಗೆ ಫೋನ್ ಮಾಡಿದೆ. ಯಾವ ರೈಲು, ಅಂದರು.
ಹ್ರುಷ್ಕನ ಗಾಜು ನಡುಗಿಸುವುದು, ಅಂದೆ.
ಸ್ವಲ್ಪ ತಾಳಿ ಅಂದಿದ್ದಾರೆ.
ತಾಳಿಕೊಂಡಿದ್ದೇನೆ, ರಿಸೀವರ್ ಕಿವಿಗೆ ಒತ್ತಿ.